ಎಲೆಯ ಗುಳ್ಳೆ ಮತ್ತು ಪರಾರ್ಥದ ಪ್ರಶ್ನೆ

ಅರಿವಿಲ್ಲದ ವಸ್ತು ಮತ್ತೊಂದರ ಹಿತಕ್ಕಾಗಿ ಪ್ರವರ್ತಿಸಬಲ್ಲುದೇ ಎಂಬುದು ಭಾರತೀಯ ದರ್ಶನಗಳ ಹಳೆಯ ವಿವಾದಗಳಲ್ಲೊಂದು. ಅಚೇತನವಾದ ಹಾಲು ಕರುವಿನ ಪೋಷಣೆಗಾಗಿ ಹರಿಯುವಂತೆ ಪ್ರಕೃತಿಯೂ ಪುರುಷನಿಗಾಗಿ, ಎಂದರೆ ಸಾಕ್ಷಿಯಾದ ಚೇತನಕ್ಕಾಗಿ, ಪ್ರವರ್ತಿಸುತ್ತದೆಂದು ಈಶ್ವರಕೃಷ್ಣನ ಸಾಂಖ್ಯಕಾರಿಕೆ ಹೇಳಿದರೆ, ಆ ಹಾಲಿನ ಹಿಂದೆ ಹಸುವಿನ ವಾತ್ಸಲ್ಯವೂ ಅದರಾಚೆ ಈಶ್ವರನ ಪ್ರೇರಣೆಯೂ ಇವೆಯೆಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಆ ಮತವನ್ನು ಖಂಡಿಸುತ್ತಾರೆ. ಬೆಳಕಿನ ನೆರವಿನಿಂದ ಆಹಾರ ತಯಾರಿಸಿಕೊಳ್ಳುತ್ತ ಆಮ್ಲಜನಕವನ್ನು ಹೊರಬಿಡುವ ದ್ಯುತಿಸಂಶ್ಲೇಷಣೆಯ ಬಗೆಗೂ ಇದೇ ಪ್ರಶ್ನೆ ಏಳುತ್ತದೆ: ಎಲೆಯು ಪರರ ಉಸಿರಿಗಾಗಿ ದುಡಿಯುತ್ತದೆಯೇ?

ಜಿನೀವಾದ ಪಾದ್ರಿ ಝಾನ್ ಸೆನೆಬಿಯೇ 1782ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ನಿರ್ಣಾಯಕವಾದವು. ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟ ಎಲೆಯ ಮೇಲೆ ಆಮ್ಲಜನಕದ ಗುಳ್ಳೆಗಳು ಏಳುತ್ತವೆ; ಕುದಿಸಿ ಆರಿಸಿದ, ಎಂದರೆ ಕರಗಿದ ಅನಿಲಗಳನ್ನು ಕಳೆದುಕೊಂಡ ನೀರಿನಲ್ಲಿ ಏಳುವುದಿಲ್ಲ; ಅದೇ ನೀರಿಗೆ ಇಂಗಾಲದ ಡೈಆಕ್ಸೈಡನ್ನು ಬೆರೆಸಿದರೆ ಮತ್ತೆ ಏಳುತ್ತವೆ. ಎಲೆಯ ದಾನವೆಂದು ಕಂಡದ್ದು ಅದರ ಊಟದ ಫಲವೇ ಆಗಿತ್ತು.

ಜಲಸಸ್ಯದಲ್ಲಿ ಈ ಮಾತು ಇನ್ನಷ್ಟು ತೀಕ್ಷ್ಣವಾಗುತ್ತದೆ, ಏಕೆಂದರೆ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸಸ್ಯಗಳಿಗೂ ಸಂವೇದನೆಯುಂಟೆಂದು ವಾದಿಸಿದ ಜಗದೀಶಚಂದ್ರ ಬೋಸರು ತಮ್ಮ ಪ್ರಯೋಗಗಳಿಗೆ ಬಳಸಿದ ಹೈಡ್ರಿಲ್ಲಾ ಗಿಡವು ಕೆರೆಯಲ್ಲಿ ದಟ್ಟವಾಗಿ ಹಬ್ಬಿದಾಗ, ಬೇಸಿಗೆಯ ಮಧ್ಯಾಹ್ನದ ಹೊತ್ತಿಗೆ ಸುತ್ತಲಿನ ಇಂಗಾಲದ ಡೈಆಕ್ಸೈಡ್ ಬಹುಮಟ್ಟಿಗೆ ಮುಗಿದು, ನೀರು ಕ್ಷಾರೀಯವಾಗಿ, ಗಿಡ ತಾನೇ ಬಿಟ್ಟ ಆಮ್ಲಜನಕ ಅಲ್ಲಿಯೇ ತುಂಬಿಕೊಳ್ಳುತ್ತದೆ. ಆಗ ಇಂಗಾಲವನ್ನು ಹಿಡಿಯಬೇಕಾದ ರುಬಿಸ್ಕೊ ಎಂಬ ಕಿಣ್ವವು ಆಮ್ಲಜನಕವನ್ನೂ ಹಿಡಿಯತೊಡಗಿ, ಗಳಿಸಿದ ಇಂಗಾಲದಲ್ಲಿ ಒಂದು ಪಾಲು ನಷ್ಟವಾಗುತ್ತದೆ. ಈ ಸ್ಥಿತಿ ಕೆಲವು ದಿನ ಮುಂದುವರಿದರೆ ಗಿಡವು ತನ್ನ ಮಾರ್ಗವನ್ನೇ ಬದಲಿಸಿ, ಬೇರೊಂದು ಕಿಣ್ವದಿಂದ ಬೈಕಾರ್ಬನೇಟನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿಸಿ, ಅದೇ ಜೀವಕೋಶದ ಹರಿತ್ತಿನ ಕಣದೊಳಗೆ ಇಂಗಾಲದ ಡೈಆಕ್ಸೈಡನ್ನು ಸಾಂದ್ರಗೊಳಿಸುತ್ತದೆ. ಉದ್ದೇಶಪೂರ್ವಕವೆಂಬಂತೆ ತೋರುವ ಈ ಕೌಶಲವನ್ನು ವಿವರಿಸಲು ಜೀವವಿಜ್ಞಾನಕ್ಕೆ ನಿಸರ್ಗದ ಆಯ್ಕೆಯೇ ಸಾಕು.

ಹಗಲಿನಲ್ಲಿ ಮೀನಿಗೆ ಉಸಿರು ಕೊಟ್ಟ ಈ ದಟ್ಟ ಗಿಡವೇ ರಾತ್ರಿ ಅದೇ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಬೆಳಗಿನ ಜಾವಕ್ಕೆ ಮೀನು ಸಾಯುವುದೂ ಉಂಟು. ಆ ರಾತ್ರಿಯಲ್ಲೇ ಮೀನಿನ ಉಸಿರೂ ಕೆಸರಿನ ಕೊಳೆತವೂ ಮರುದಿನದ ಎಲೆಗೆ ಬೇಕಾದ ಇಂಗಾಲವನ್ನು ನೀರಿಗೆ ತುಂಬುತ್ತವೆ. ಇದರಿಂದ ಈಶ್ವರನ ನಿರಾಕರಣೆ ಆಗುವುದಿಲ್ಲ; ಒಂದರಿಂದ ಮತ್ತೊಂದಕ್ಕೆ ಉಪಕಾರವಾದುದನ್ನು ಕಂಡು ಅದರ ಹಿಂದೆ ಉಪಕಾರದ ಸಂಕಲ್ಪವಿದೆಯೆಂದು ಮಾಡುವ ಅನುಮಾನ ಮಾತ್ರ ನಿಲ್ಲುವುದಿಲ್ಲ. ಶಂಕರರು ಹೇಳುವ ಪ್ರೇರಣೆಯನ್ನು ಇಲ್ಲಿ ಅರಸುವವರು ಎಲೆ ಮತ್ತು ಮೀನೆಂಬ ಜೋಡಿಯಲ್ಲಿ ಅಲ್ಲ, ಎರಡನ್ನೂ ಉಳಿಸುವ, ಎರಡನ್ನೂ ಅಳಿಸುವ ಇಡೀ ಕೆರೆಯಲ್ಲಿ ಅರಸಬೇಕಾಗುತ್ತದೆ.