ಉಂಡ ಊಟದ ಖಾತೆ

ಮುಂಬಯಿಗೆ ಬಂದು ನಲವತ್ತು ವರ್ಷವಾಗುತ್ತ ಬಂತು. ಅದರಲ್ಲಿ ಬಹುಪಾಲನ್ನು ಬ್ಯಾಂಕಿನ ಸಾಲ ವಿಭಾಗದಲ್ಲಿ ಬೇರೆಯವರ ಲೆಕ್ಕಪತ್ರ ಓದುತ್ತಾ ಕಳೆದೆ. ಕಂಪನಿಗಳ ಲಾಭ-ನಷ್ಟದ ಪಟ್ಟಿಯಲ್ಲಿ ‘ಎಂಟರ್‌ಟೇನ್‌ಮೆಂಟ್ ಖರ್ಚು’ ಅಂತ ಒಂದು ಸಾಲು ಇರುತ್ತದೆ. ಸಿನಿಮಾ ನಾಟಕದ ಖರ್ಚು ಅಂದುಕೊಳ್ಳಬೇಡಿ. ಗಿರಾಕಿಗಳಿಗೆ, ಅಧಿಕಾರಿಗಳಿಗೆ ಹಾಕಿಸಿದ ಊಟ, ಕುಡಿಸಿದ ಚಹಾ, ಇನ್ನೂ ಏನೇನೋ ಕುಡಿಸಿದ್ದು, ಎಲ್ಲ ಅದರಲ್ಲಿ ಸೇರುತ್ತದೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅತಿಥಿ ಸತ್ಕಾರ. ಆ ಒಂದು ಸಾಲಿನ ಜೊತೆ ನನ್ನದೊಂದು ಹಳೇ ತಕರಾರಿದೆ.

ಅದು ಶುರುವಾದದ್ದು ಊರಲ್ಲಿ. ನಮ್ಮಪ್ಪನದು ಬ್ಯಾಡಗಿ ಪೇಟೆಯಲ್ಲಿ ಸಣ್ಣದೊಂದು ಅಡತಿ ಅಂಗಡಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾಲು ತಂದ ರೈತರು ರಾತ್ರಿ ಅಲ್ಲೇ ಉಳಿಯುತ್ತಿದ್ದರು. ಹತ್ತೋ ಹದಿನೈದೋ ಮಂದಿಗೆ ನಮ್ಮ ಮನೆಯಿಂದಲೇ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹೋಗಬೇಕು. ಅವ್ವನಿಗೆ ಆ ಎರಡು-ಮೂರು ತಿಂಗಳು ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. 1983ರಲ್ಲಿ ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬಂದವನು, ಹೊಸದಾಗಿ ಕಲಿತ ಗರ್ವ ಬೇರೆ. ಕಿರ್ದಿ ತಿರುವಿ ನೋಡಿದರೆ ಈ ಊಟದ ಖರ್ಚು ಎಲ್ಲೂ ಇಲ್ಲ. “ಅಪ್ಪಾ, ಇದನ್ನ ಬರಸ್ರಿ. ಮಿತಿಯೊಳಗ ಟ್ಯಾಕ್ಸ್ ಲೆಕ್ಕದಾಗ ಕಳಿಯಾಕ ಬರತೈತಿ” ಅಂದೆ. ದಿವಾನಜಿಯೂ ನನ್ನ ಪರ. ಅಪ್ಪ ತಲೆ ಎತ್ತಲೇ ಇಲ್ಲ. “ಉಂಡವರ ಲೆಕ್ಕ ಬರೀಬಾರದೋ ತಮ್ಮಾ” ಅಂದು ತಕ್ಕಡಿ ಕಡೆ ಹೋದರು.

ಆಗ ನನಗದು ಹಳ್ಳಿಯ ಮೊಂಡುತನ ಅನ್ನಿಸಿತು. ಆದರೆ ಅಪ್ಪ ಸುಲಭವಾಗಿ ಬಿಟ್ಟ ಆ ಪ್ರಶ್ನೆಯ ಮೇಲೆ ಸರ್ಕಾರ ವರ್ಷಗಟ್ಟಲೆ ಗುದ್ದಾಡಿದೆ. 1970ರ ಫೆಬ್ರುವರಿ ಆದ ಮೇಲೆ ಕೆಲವು ವರ್ಷ ದೇಶದೊಳಗಿನ ಇಂಥ ಖರ್ಚನ್ನು ಆದಾಯದಿಂದ ಕಳೆಯಲು ಬಿಡಲೇ ಇಲ್ಲ. ಆಮೇಲೆ ಮಿತಿ ಹಾಕಿ ಬಿಟ್ಟರು. ದೂರದೂರಿಂದ ಬಂದ ಗಿರಾಕಿಗೆ ಪದ್ಧತಿ ಪ್ರಕಾರ ಹಾಕುವ ಸಾದಾ ಊಟ ‘ಎಂಟರ್‌ಟೇನ್‌ಮೆಂಟ್’ ಆಗುತ್ತದೆಯೇ ಎಂದು ಕೋರ್ಟುಗಳಲ್ಲಿ ವಾದವಾಯಿತು. 1983ರಲ್ಲೇ, ಅಂದರೆ ನಾನು ಅಪ್ಪನಿಗೆ ಪಾಠ ಹೇಳುತ್ತಿದ್ದ ವರ್ಷವೇ, ಕಾಯ್ದೆಗೆ ಒಂದು ವಿವರಣೆ ಸೇರಿಸಿ, ವ್ಯಾಪಾರದ ರೂಢಿಯಿಂದ ಹಾಕಿದ ಊಟವೂ ಅದೇ ಲೆಕ್ಕ ಎಂದರು. ಅದೂ 1976ರಿಂದಲೇ ಅನ್ವಯ. ಸ್ವಂತ ನೌಕರರಿಗೆ ಕೆಲಸದ ಜಾಗದಲ್ಲಿ ಕೊಡುವ ಊಟಕ್ಕೆ ಮಾತ್ರ ವಿನಾಯಿತಿ. ಅದಕ್ಕಿಂತ ಹಿಂದಿನ ವರ್ಷಗಳ ಮಟ್ಟಿಗೆ ಸಾದಾ ಊಟ ಎಂಟರ್‌ಟೇನ್‌ಮೆಂಟ್ ಅಲ್ಲ ಎಂದು ಸುಪ್ರೀಂ ಕೋರ್ಟು ಪಟೇಲ್ ಬ್ರದರ್ಸ್ ಪ್ರಕರಣದಲ್ಲಿ ಹೇಳುವ ಹೊತ್ತಿಗೆ 1995 ಆಗಿತ್ತು. ಉಂಡವರ ಕೈ ಒಣಗಿ ಇಪ್ಪತ್ತು ವರ್ಷ! ಕೊನೆಗೆ 1998ರ ಏಪ್ರಿಲ್‌ನಿಂದ ಮಿತಿಯನ್ನೂ ತೆಗೆದುಹಾಕಿದರು. ಉಳಿದದ್ದು ಒಂದೇ ಪ್ರಶ್ನೆ: ಖರ್ಚು ಪೂರ್ತಿಯಾಗಿ, ಕೇವಲ ವ್ಯಾಪಾರಕ್ಕಾಗಿಯೇ ಆದದ್ದೋ? 2025ರಲ್ಲಿ ಆದಾಯ ತೆರಿಗೆಯ ಕಾಯ್ದೆಯನ್ನೇ ಹೊಸದಾಗಿ ಬರೆದಾಗಲೂ ಆ ಪ್ರಶ್ನೆ ಹಾಗೇ ಉಳಿಯಿತು.

‘ಕೇವಲ’ ಅನ್ನುವ ಆ ಶಬ್ದ ಬಹಳ ಕಠಿಣ. ಅದು ನನಗೆ ಗೊತ್ತಾದದ್ದು ನನ್ನದೇ ಊಟದಿಂದ.

ಊರಲ್ಲಿರುವ ನಿಮಗೆ ಒಂದು ಸಂಗತಿ ಹೇಳಬೇಕು. ಇಲ್ಲಿ ಒಬ್ಬರನ್ನು ಊಟಕ್ಕೆ ಕರೆಯುವುದು ಅಂದರೆ ಮನೆಗೆ ಕರೆಯುವುದು ಅಂತಲ್ಲ. ಒಂದೂವರೆ ಕೋಣೆಯ ಮನೆ, ಲೋಕಲ್ ಗಾಡಿಯಲ್ಲಿ ಒಂದೂವರೆ ತಾಸಿನ ದೂರ. ಹಾಗಾಗಿ ಪ್ರೀತಿಯಿದ್ದರೂ ಹೋಟೆಲು, ಕೆಲಸವಿದ್ದರೂ ಹೋಟೆಲು. ಎರಡರ ಬಿಲ್ಲೂ ಒಂದೇ ಥರ ಇರುತ್ತದೆ. ಯಾವುದು ಯಾವುದೆಂದು ಕರೆದವನೇ ಹೇಳಬೇಕು, ಕೆಲವು ಸಲ ಅವನಿಗೂ ತಿಳಿದಿರುವುದಿಲ್ಲ.

ರಾಣೆಬೆನ್ನೂರ ಕಡೆಯವರೊಬ್ಬರು ವಸಾಯಿಯಲ್ಲಿ ರಟ್ಟಿನ ಡಬ್ಬಿ ತಯಾರಿಸುವ ಸಣ್ಣ ಕಂಪನಿ ನಡೆಸುತ್ತಿದ್ದರು. ನಮ್ಮ ಶಾಖೆಯ ಸಾಲಗಾರರು, ಕಡತ ನನ್ನ ಮೇಜಿನ ಮೇಲೆ. ನಮ್ಮ ಕಡೆ ಮಾತು ಕೇಳಿದರೆ ಇಲ್ಲಿ ಜೀವ ಹಗುರಾಗುತ್ತದೆ, ಹಾಗಾಗಿ ಸ್ನೇಹವೂ ಬೆಳೆಯಿತು. 2007ರಲ್ಲಿ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಹಟ ಹಿಡಿದು ನಮ್ಮ ನಾಲ್ವರನ್ನೂ ಅಂಧೇರಿಯ ಹೋಟೆಲಿಗೆ ಕರೆದುಕೊಂಡು ಹೋದರು. ಮಗಳಿಗೊಂದು ಪೆನ್ನು. ನನ್ನ ಹೆಂಡತಿ ಅಷ್ಟು ನಕ್ಕದ್ದನ್ನು ಆ ವರ್ಷ ನಾನು ನೋಡಿರಲಿಲ್ಲ. ಬ್ಯಾಂಕಿನ ನಡತೆ ನಿಯಮ ನನಗೆ ಗೊತ್ತಿತ್ತು: ಅಪರೂಪಕ್ಕೊಂದು ಸಾದಾ ಊಟ ತಪ್ಪಲ್ಲ, ಅದ್ದೂರಿಯ ಅಥವಾ ಪದೇ ಪದೇ ಆಗುವ ಸತ್ಕಾರ ಬೇಡ. ಇದು ಅಪರೂಪದ್ದೇ ಅಂತ ಮನಸ್ಸಿಗೆ ಹೇಳಿಕೊಂಡೆ.

ಮೂರು ತಿಂಗಳಾದ ಮೇಲೆ ಲಿಮಿಟ್ ನವೀಕರಣಕ್ಕಾಗಿ ಅವರ ಕಾರ್ಖಾನೆಯ ತಪಾಸಣೆಗೆ ಹೋದೆ. ಫ್ರಿಂಜ್ ಬೆನಿಫಿಟ್ ತೆರಿಗೆಯ ಕಾಲ ಅದು. 2005ರಲ್ಲಿ ಬಂದು 2009ರಲ್ಲಿ ಹೋದ ಆ ತೆರಿಗೆಯಿಂದಾಗಿ ಕಂಪನಿಗಳು ಇಂಥ ಖರ್ಚನ್ನು ಬೇರೆಯೇ ತೆಗೆದು ವಿವರವಾಗಿ ಬರೆಯುತ್ತಿದ್ದವು. ಲೆಜರ್ ತಿರುವುತ್ತಿದ್ದವನಿಗೆ ಕಂಡಿತು: ‘ಬ್ಯಾಂಕ್ ಆಫೀಸರ್ ಮತ್ತು ಕುಟುಂಬ, ಊಟ, 4,200’. ಪೆನ್ನಿನ ಬೆಲೆ ಕೆಳಗಿನ ಸಾಲಿನಲ್ಲಿ.

ಕೂತಲ್ಲೇ ಲೆಕ್ಕ ಹಾಕಿದೆ, ಚಟ ನೋಡಿ. 4,200 ರೂಪಾಯಿ ಖರ್ಚೆಂದು ತೋರಿಸಿದ್ದರಿಂದ ಕಂಪನಿಗೆ ಶೇಕಡಾ 30ರಂತೆ 1,260 ರೂಪಾಯಿ ತೆರಿಗೆ ಉಳಿಯಿತು. ಫ್ರಿಂಜ್ ಬೆನಿಫಿಟ್ ಲೆಕ್ಕದಲ್ಲಿ ಖರ್ಚಿನ ಐದನೇ ಒಂದು ಪಾಲು, ಅಂದರೆ 840. ಅದರ ಮೇಲೆ ಶೇಕಡಾ 30, ಅಂದರೆ 252 ರೂಪಾಯಿ ವಾಪಸು ಹೋಯಿತು. ಸರ್ಚಾರ್ಜು, ಸೆಸ್ಸು ಬಿಡಿ. ಮಿಕ್ಕ ಸಾವಿರದಷ್ಟನ್ನು ಕೊಟ್ಟವರು ಯಾರು? ಸರ್ಕಾರ, ಅಂದರೆ ತೆರಿಗೆ ಕಟ್ಟುವ ನೀವು ನಾವು. ನನ್ನ ಮಗಳ ಊಟಕ್ಕೆ ಗೊತ್ತೇ ಇಲ್ಲದ ಮಂದಿ ವಂತಿಗೆ ಹಾಕಿದ ಹಾಗಾಯಿತು. ಆದರೂ ನಿಜ ಹೇಳುತ್ತೇನೆ, ನನಗೆ ಚುಚ್ಚಿದ್ದು ಆ ಸಾವಿರ ರೂಪಾಯಿಯಲ್ಲ. ಆ ಊಟ ‘ಕೇವಲ ವ್ಯಾಪಾರಕ್ಕಾಗಿ’ ಎಂದು ಸರ್ಕಾರಕ್ಕೆ ಬರೆದುಕೊಡಲು ಒಬ್ಬರು ತಯಾರಾಗಿದ್ದರು, ಆ ವ್ಯಾಪಾರದ ವಸ್ತು ನಾನು.

ಅವರನ್ನು ಕೇಳಿಯೇಬಿಟ್ಟೆ. ಅವರಿಗೆ ನಾಚಿಕೆಯಾಗಲಿಲ್ಲ, ಆಶ್ಚರ್ಯವಾಯಿತು. “ಸಾಹೇಬ್ರ, ನಿಮ್ಮನ್ನ ಪ್ರೀತಿಲೇ ಕರದದ್ದು ಸುಳ್ಳಲ್ಲ. ಬಿಲ್ ಇತ್ತು, ಹುಡುಗ ಬರದ. ಅದರಾಗ ಏನ್ ತಪ್ಪೈತಿ?”

ತಪ್ಪು ಇತ್ತು. ಸ್ನೇಹಕ್ಕೆ ಕರೆದಿದ್ದರೆ ಆ ಖರ್ಚನ್ನು ಕಳೆಯುವಂತಿಲ್ಲ. ಕಳೆದರೆ ಅದು ಸ್ನೇಹವಲ್ಲ, ಇಲ್ಲವೇ ಸರ್ಕಾರಕ್ಕೆ ಹೇಳಿದ್ದು ಸುಳ್ಳು. ಆದರೆ ಮನುಷ್ಯರ ಮನಸ್ಸು ಹಾಗೆ ಎರಡು ಖಾತೆಯಾಗಿ ಇರುವುದಿಲ್ಲವಲ್ಲ! ಅಪ್ಪನನ್ನೇ ನೆನೆದೆ. ಬರೆಯಲಿಲ್ಲ ಎಂದ ಮಾತ್ರಕ್ಕೆ ಆ ರೊಟ್ಟಿ ಶುದ್ಧವೇ? ನಮ್ಮಲ್ಲಿ ಉಂಡ ರೈತ ಮರುದಿನ ಮಾಲನ್ನು ಬೇರೆ ಅಂಗಡಿಗೆ ಒಯ್ಯುತ್ತಿರಲಿಲ್ಲ. ದಲಾಲಿಯಲ್ಲಿ, ಸೂಟಿನಲ್ಲಿ ಎದುರಾಡುತ್ತಲೂ ಇರಲಿಲ್ಲ. ಅನ್ನದ ಋಣ ಪುಸ್ತಕದಲ್ಲಿ ಇಲ್ಲದಿದ್ದರೂ ಅವನ ನಾಲಿಗೆ ಮೇಲಿತ್ತು. ಹಾಗೆ ನೋಡಿದರೆ ಬರೆದಿಟ್ಟವರೇ ಒಂದು ರೀತಿ ಪ್ರಾಮಾಣಿಕರು. ಆದರೂ ಅಪ್ಪ ಆ ಊಟದ ಪಾಲನ್ನು ಇನ್ನೊಬ್ಬರ ಮೇಲೆ ಹೊರಿಸಲಿಲ್ಲ. ಹೊರೆ ಬಿದ್ದದ್ದು ಅವ್ವನ ಬೆನ್ನಿಗೆ ಮಾತ್ರ, ಅದನ್ನೂ ಯಾರೂ ಬರೆಯಲಿಲ್ಲ.

ಉಣ್ಣುವವನ ಕಡೆಯಿಂದಲೂ ಒಂದು ಮಾತಿದೆ. 2022ರಲ್ಲಿ ಎಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವೈದ್ಯರು ಉಡುಗೊರೆ ತೆಗೆದುಕೊಳ್ಳಬಾರದೆಂದು ನಿಯಮವಿರುವಾಗ ಔಷಧ ಕಂಪನಿ ಅದಕ್ಕೆ ಮಾಡಿದ ಖರ್ಚನ್ನು ಆದಾಯದಿಂದ ಕಳೆಯುವಂತಿಲ್ಲ ಎಂದಿತು. ಕೊಟ್ಟವನ ಲೆಕ್ಕವನ್ನು ತೆಗೆದುಕೊಂಡವನ ಧರ್ಮದಿಂದ ಅಳೆದ ತೀರ್ಪು. ಓದಿದಾಗ ಅಂಧೇರಿಯ ಮೇಜು ನೆನಪಾಯಿತು. ಪ್ರಶ್ನೆ ಅವರದಷ್ಟೇ ಆಗಿರಲಿಲ್ಲ.

ಅವತ್ತು ನಾನು ಮಾಡಿದ್ದು ಇಷ್ಟು. ಮ್ಯಾನೇಜರಿಗೆ ವಿಷಯ ತಿಳಿಸಿ ಆ ಕಡತವನ್ನು ಇನ್ನೊಬ್ಬ ಅಧಿಕಾರಿಗೆ ಕೊಡಿಸಿದೆ. ಊಟದ ದುಡ್ಡು ಕೊಡಲು ಹೋದರೆ ಅವರು ಮುಟ್ಟಲಿಲ್ಲ. ಆದರೆ ನಮೂದು ತಿದ್ದಿಸಿ ಖರ್ಚನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು. ಲಿಮಿಟ್ ಹೆಚ್ಚಿಸಲು ಅದಕ್ಕೂ ಮುಂಚೆ ನಾನು ಮಾಡಿದ್ದ ಶಿಫಾರಸು ಒಮ್ಮೆಯಲ್ಲ, ಎರಡು ಸಲ ಓದಿದೆ. ಅಂಕಿಗಳೆಲ್ಲ ಸರಿಯಾಗಿದ್ದವು. ಆದರೂ ಮೂರನೇ ಸಲ ಓದಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ನಮೂದು ತಿದ್ದಿಸಿದ್ದನ್ನು ಸ್ವಲ್ಪ ಹೆಮ್ಮೆಯಿಂದಲೇ. ಆಕೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೇಳಿದಳು: “ಲೆಕ್ಕ ತಿದ್ದಿದ್ರು, ಆತು. ಖರೇನ ಅವರು ನಮ್ಮನ್ನ ಕರದದ್ದು ಯಾತಕ್ಕ?”

ಗೊತ್ತಿಲ್ಲ ಅಂದೆ. ಅವರು ಈಗಲೂ ಯುಗಾದಿಗೆ ಫೋನು ಮಾಡುತ್ತಾರೆ, ನಾನು ನಿವೃತ್ತನಾದ ಮೇಲೂ. ಮಗಳ ಬಳಿ ಆ ಪೆನ್ನು ಇನ್ನೂ ಇದೆ.