ಕಚ್ಚಾ ಹೊಲಿಗೆ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ನಗುವುದಕ್ಕೆ ಏನಾದರೊಂದು ನೆಪ ಬೇಕು. ಮಕ್ಕಳ ಉತ್ತರಪತ್ರಿಕೆಯ ಎಡವಟ್ಟುಗಳು ಮುಗಿದರೆ ಮನೆಯವರ ಎಡವಟ್ಟುಗಳು, ಅವೂ ಮುಗಿದರೆ ನಮ್ಮನಮ್ಮವೇ. ಹೋದ ವರ್ಷ ಒಂದು ದಿನ ಹಾಗೆ ನಗುವಿಗೆ ಸಿಕ್ಕಿದವರು ನಮ್ಮ ಹೊಲಿಗೆ ಟೀಚರು.

ಅವರು ಸಂಜೆಯ ಹೊತ್ತು ಮನೆಯಲ್ಲಿ ರವಿಕೆ ಹೊಲಿದುಕೊಡುತ್ತಾರೆ. ಮೊದಲೆಲ್ಲ ಅಳತೆಯನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಿದ್ದರು. ಫೋನು ಬಂದ ಮೇಲೆ ಚೀಟಿಯ ಫೋಟೋ ತೆಗೆದು ಇಟ್ಟುಕೊಂಡು ಚೀಟಿಯನ್ನು ಎಸೆಯುವುದು ರೂಢಿಯಾಯಿತು. ಒಂದು ದಿನ ಆ ಫೋನಿನಲ್ಲಿ, ಮುಂದೆ ಬರಲಿರುವ ಹೊಸ ವ್ಯವಸ್ಥೆಯನ್ನು ಎಲ್ಲರಿಗಿಂತ ಮೊದಲು ಬಳಸಿ ನೋಡಬಹುದು ಎಂಬ ಆಹ್ವಾನ ಕಾಣಿಸಿತಂತೆ. ಬೀಟಾ ಎಂದು ಅದರ ಹೆಸರು. ಒತ್ತಿಬಿಟ್ಟರು. ಮಾರನೆಯ ದಿನದಿಂದ ಬ್ಯಾಂಕಿನ ಆ್ಯಪ್ ತೆರೆಯದು, ಕನ್ನಡದಲ್ಲಿ ನಾಲ್ಕಕ್ಷರ ಬರೆಯುವಷ್ಟರಲ್ಲಿ ಕೀಲಿಮಣೆ ಮಾಯ, ಮಧ್ಯಾಹ್ನದೊಳಗೆ ಚಾರ್ಜು ಖಾಲಿ. ಹಳೆಯದಕ್ಕೆ ಮರಳಬೇಕಾದರೆ ಎಲ್ಲವನ್ನೂ ಅಳಿಸಬೇಕು ಎಂದ ಅಣ್ಣನ ಮಗ, ಅಳಿಸಿಯೂ ಬಿಟ್ಟ. ಫೋಟೋಗಳ ಪ್ರತಿ ಬೇರೆಲ್ಲೂ ಇರಲಿಲ್ಲ. ಅರವತ್ತು ಚಿಲ್ಲರೆ ಹೆಂಗಸರ ಅಳತೆ ಹೋಯಿತು.

ಇದನ್ನು ಅವರು ಚಪಾತಿ ಮುರಿಯುತ್ತ ಹೇಳಿದಾಗ ನಾನು, “ಅಲ್ರೀ, ಕತ್ತರಿ ಹಾಕೋ ಮುಂಚೆ ಎರಡು ಸಲ ಅಳೀಬೇಕು ಅಂತ ಮಕ್ಕಳಿಗೆ ಹೇಳಿಕೊಡೋರು ನೀವೇ ಅಲ್ವೇ?” ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವರೂ ನಕ್ಕರು. ಎರಡು ದಿನ ಆ ಮಾತು ಶಾಲೆಯ ಕಾರಿಡಾರಿನಲ್ಲೆಲ್ಲ ಓಡಾಡಿತು. ಮಾತು ನನ್ನದೆಂದು ನನಗೂ ಒಳಗೊಳಗೇ ಹೆಮ್ಮೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗನಿಗೆ ಇದನ್ನು ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಂಪ್ಯೂಟರನ್ನೋ ಫೋನನ್ನೋ ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರಷ್ಟೇ. ಅದು ಸಿದ್ಧವಾಗುವ ಮೊದಲು ಪರೀಕ್ಷೆಗೆಂದು ಹೊರಬಿಡುವ ಅರೆಸಿದ್ಧ ರೂಪವನ್ನು ಏನೂ ತಿಳಿಯದವರು ಹಾಕಿಕೊಂಡು ಒದ್ದಾಡುವುದು ಅವರ ವೃತ್ತಿಯಲ್ಲಿ ಬಹಳ ಹಳೆಯ ನಗೆಹನಿಯಂತೆ. ಹಾಗಾದರೆ ತಿಳಿದವರು ಮಾತ್ರ ಹಾಕಿಕೊಳ್ಳಲೆಂದೇ ಅದು ಇದೆಯೇ ಎಂದರೆ ಅದೂ ಅಲ್ಲ. 2000ದ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ತನ್ನ ಹೊಸ ವ್ಯವಸ್ಥೆಯ ಸಾರ್ವಜನಿಕ ಬೀಟಾವನ್ನು 29.95 ಡಾಲರಿಗೆ ಮಾರಿತು. ಅದು 2001ರ ಮೇ ತಿಂಗಳಲ್ಲಿ ತಾನಾಗಿ ನಿಂತುಹೋಗುವಂಥದ್ದು. ಆದರೂ ಜನ ದುಡ್ಡು ಕೊಟ್ಟು ಕೊಂಡರು. 2014ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಹತ್ತರ ಪರೀಕ್ಷೆಗೆ ಯಾರು ಬೇಕಾದರೂ ಪುಕ್ಕಟೆ ಸೇರಬಹುದೆಂದು ಬಾಗಿಲು ತೆರೆಯಿತು. ಹೊಸದನ್ನು ಎಲ್ಲರಿಗಿಂತ ಮೊದಲು ನೋಡುವ ಆಸೆ ಎಲ್ಲರಿಗೂ ಒಂದೇ. ಇಂಜಿನಿಯರನಲ್ಲಿದ್ದರೆ ಅದನ್ನು ಕುತೂಹಲ ಎನ್ನುತ್ತೇವೆ, ಹೊಲಿಗೆ ಟೀಚರಲ್ಲಿದ್ದರೆ ಪೆದ್ದುತನ ಎನ್ನುತ್ತೇವೆ.

ನಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಲೋಕದಲ್ಲೇ ಒಂದು ಒಳ್ಳೆಯ ತಮಾಷೆಯೂ ಇದೆ. ಡೆಬಿಯನ್ ಎಂಬ ಉಚಿತ ವ್ಯವಸ್ಥೆಯನ್ನು ಕಟ್ಟುವವರು ತಮ್ಮ ಆವೃತ್ತಿಗಳಿಗೆಲ್ಲ 1995ರ ‘ಟಾಯ್ ಸ್ಟೋರಿ’ ಸಿನಿಮಾ ಮತ್ತು ಅದರ ಮುಂದಿನ ಭಾಗಗಳ ಪಾತ್ರಗಳ ಹೆಸರನ್ನಿಡುತ್ತಾರೆ. ಇನ್ನೂ ನೆಲೆನಿಲ್ಲದ, ದಿನದಿನಕ್ಕೂ ಬದಲಾಗುವ ರೂಪಕ್ಕೆ ಮಾತ್ರ ಶಾಶ್ವತವಾಗಿ ಸಿಡ್ ಎಂದೇ ಹೆಸರು. ಆ ಸಿನಿಮಾದಲ್ಲಿ ಸಿಡ್ ಎಂದರೆ ಬೊಂಬೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗ. ಕೇಳಿದವರು ನಗುತ್ತಾರೆ, ನಗುತ್ತಲೇ ಎಚ್ಚರವಾಗುತ್ತಾರೆ. ಈ ನಗೆ ಬರುವುದು ಕೆಡುವ ಮೊದಲು.

ಇನ್ನೊಂದು ಬಗೆಯದೂ ಇದೆ. ಲಿನಕ್ಸ್ ಬಳಸುವವರ ನಡುವೆ, ಹೊಸಬನೊಬ್ಬ ಏನೋ ತೊಂದರೆ ಹೇಳಿಕೊಂಡು ಸಹಾಯ ಕೇಳಿದರೆ, ಇರುವುದನ್ನೆಲ್ಲ ಅಳಿಸಿಹಾಕುವ ಒಂದು ಗಿಡ್ಡ ಆಜ್ಞೆಯನ್ನು ಕೊಟ್ಟು, ಇದನ್ನು ಬೆರಳಚ್ಚಿಸು, ಸರಿಹೋಗುತ್ತದೆ ಎನ್ನುವ ಕಿಡಿಗೇಡಿಗಳಿದ್ದಾರಂತೆ. ಹೊಸಬ ನಂಬಿ ಬೆರಳಚ್ಚಿಸುತ್ತಾನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇದು ತಮಾಷೆಯಲ್ಲ, ಕೇಡು ಎಂದು ಹೇಳುವುದಕ್ಕೆ ಹೆಚ್ಚು ಯೋಚನೆ ಬೇಕಿಲ್ಲ.

ನನ್ನನ್ನು ಕಾಡಿದ್ದು ಇವೆರಡರ ನಡುವಿನ ನಗೆ. ಕೇಡು ಬಯಸದ, ಕೆಟ್ಟ ಮೇಲೆ ಬರುವ, ನನ್ನ ನಗೆಯಂಥದ್ದು. ಅದರ ಪರವಾಗಿ ಹೇಳುವುದಕ್ಕೂ ಇದೆ. ಎಚ್ಚರಿಕೆ ಪರದೆಯ ಮೇಲೇ ಬರೆದಿರುತ್ತದೆ, ಒಪ್ಪಿದ್ದೇನೆ ಎಂದು ಒತ್ತಿದ್ದು ಅವರೇ. ಐವತ್ತು ವರ್ಷದ ಹೆಂಗಸನ್ನು ಮಗುವಿನಂತೆ ನೋಡುವುದೂ ಒಂದು ಅವಮಾನವೇ ಸರಿ. ಮಾಡಿದ್ದಕ್ಕೆ ಹೊಣೆ ಹೊರಲಿ, ಜೊತೆಗೊಂದಿಷ್ಟು ನಗೆಯನ್ನೂ ಸಹಿಸಲಿ, ಅದರಲ್ಲೇನು? ಮಗನ ಮುಂದೆ ನಾನೂ ಹೀಗೇ ವಾದಿಸಿದೆ. ವಾದಿಸುತ್ತಿರುವಾಗಲೇ ಮರೆತಂತಿದ್ದ ಒಂದು ಸಂಗತಿ ನೆನಪಾಗಿ ಮಾತು ನಿಂತಿತು.

ಆ ಗುಂಡಿ ಒತ್ತುವ ಹಿಂದಿನ ದಿನ ಅವರು ನನ್ನ ಬಳಿ ಬಂದಿದ್ದರು. ನಾನು ಹಾಜರಿ ಪುಸ್ತಕ ಹಿಡಿದು ಒಂಬತ್ತನೇ ತರಗತಿಗೆ ಹೊರಟಿದ್ದೆ. “ಟೀಚರ್, ಬೀಟಾ ಅಂದ್ರೇನು?” ಎಂದು ಕೇಳಿದರು. “ಗ್ರೀಕ್ ಅಕ್ಷರಮಾಲೆಯ ಎರಡನೇ ಅಕ್ಷರ. ಆಲ್ಫಾ, ಬೀಟಾ. ಆಲ್ಫಬೆಟ್ ಅನ್ನೋ ಮಾತು ಬಂದಿದ್ದೇ ಅದರಿಂದ” ಎಂದು ಹೇಳಿ, ಸರಿಯಾದ ಉತ್ತರ ಕೊಟ್ಟ ತೃಪ್ತಿಯಲ್ಲಿ ಮೆಟ್ಟಿಲು ಹತ್ತಿದ್ದೆ. ಎಲ್ಲಿ ನೋಡಿದಿರಿ, ಯಾಕೆ ಬೇಕಿತ್ತು ಎಂದು ಒಂದು ಮಾತು ಕೇಳಲಿಲ್ಲ. ಅವರು ಒಂದು ಸಲ ಅಳೆಯುವುದಕ್ಕೆ ಬಂದಿದ್ದರು. ನಾನು ಟೇಪನ್ನೇ ಕೊಡಲಿಲ್ಲ. ಆಮೇಲೆ ಎರಡು ಸಲ ಯಾಕೆ ಅಳೆಯಲಿಲ್ಲವೆಂದು ನಕ್ಕವಳೂ ನಾನೇ.

ನಾಚಿಕೆಯ ಸಂಗತಿಯೆಂದರೆ, ಅದನ್ನು ವಿವರಿಸುವುದಕ್ಕೆ ಗ್ರೀಕ್ ಬೇಕಾಗಿಯೇ ಇರಲಿಲ್ಲ. ದರ್ಜಿಗಳು ಬೆಲೆಬಾಳುವ ಬಟ್ಟೆಯನ್ನು ಪೂರ್ತಿ ಹೊಲಿಯುವ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ಇಟ್ಟು, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡುತ್ತಾರೆ. ಬೀಟಾ ಎಂದರೆ ಅದೇ. ತೊಟ್ಟು ನೋಡುವುದಕ್ಕೆ ಸರಿ, ಅದನ್ನೇ ತೊಟ್ಟು ಮದುವೆಮನೆಗೆ ಹೋಗಬಾರದು. ಕಚ್ಚಾ ಹೊಲಿಗೆ ಎಂಬ ಎರಡು ಪದ ಸಾಕಿತ್ತು. ನನಗಿಂತ ಚೆನ್ನಾಗಿ ಅವರಿಗೇ ಅರ್ಥವಾಗುತ್ತಿತ್ತು. ತಿಳಿವಳಿಕೆ ಅವರಲ್ಲಿ ಇತ್ತು, ಅದನ್ನು ಈ ಹೊಸ ಮಾತಿಗೆ ಜೋಡಿಸಿಕೊಡುವವರು ಇರಲಿಲ್ಲ. ಮೂವತ್ತು ವರ್ಷದಿಂದ ಸಂಬಳ ಪಡೆಯುತ್ತಿರುವುದು ಆ ಜೋಡಿಸುವ ಕೆಲಸಕ್ಕೇ ಎಂದು ನಾನು ಮರೆತಿದ್ದೆ.

ಮಗ ಇನ್ನೊಂದು ಸಂಗತಿ ಹೇಳಿದ. 2018ರ ಅಕ್ಟೋಬರ್ 2ರಂದು ವಿಂಡೋಸ್ ಹತ್ತರ ಹೊಸ ಆವೃತ್ತಿಯೊಂದು ಹೊರಬಂತು. ಇದು ಪರೀಕ್ಷೆಯದಲ್ಲ, ಎಲ್ಲರಿಗಾಗಿ ಬಿಟ್ಟದ್ದು. ಅದನ್ನು ಹಾಕಿಕೊಂಡ ಕೆಲವರ ಕಡತಗಳು, ಫೋಟೋಗಳು ಅಳಿಸಿಹೋದವು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ತಡೆಹಿಡಿದು, ತಪ್ಪು ತಿದ್ದಿ, ನವೆಂಬರ್ 13ರಂದು ಮತ್ತೆ ಬಿಡಬೇಕಾಯಿತು. ಹೀಗೆ ತೊಂದರೆಗೆ ಸಿಕ್ಕವರು ನೂರಕ್ಕೆ ಒಬ್ಬರಲ್ಲ, ಹತ್ತು ಸಾವಿರಕ್ಕೆ ಒಬ್ಬರು ಎಂಬುದು ಕಂಪನಿ ಕೊಟ್ಟ ಲೆಕ್ಕ. ಆದರೆ ಪರೀಕ್ಷೆಯ ಹಂತದಲ್ಲೇ ಕೆಲವರು, ನಮ್ಮ ಕಡತಗಳು ಕಾಣೆಯಾದವು ಎಂದು ಬರೆದು ತಿಳಿಸಿದ್ದರಂತೆ. ಸಾವಿರಾರು ದೂರುಗಳ ರಾಶಿಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ತೊಂದರೆ ಎಷ್ಟು ಗಂಭೀರ ಎಂದು ಸೂಚಿಸುವುದಕ್ಕೆ ದೂರಿನಲ್ಲೇ ಜಾಗ ಮಾಡಿಕೊಟ್ಟದ್ದು ಆಮೇಲೆ. ಅಷ್ಟು ದೊಡ್ಡ ಕಂಪನಿಯಲ್ಲೂ ಹೇಳುವವರಿದ್ದರು, ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ.

ನಮ್ಮ ಹೊಲಿಗೆ ಟೀಚರೂ ಆ ದಿನ ಹೇಳಿದ್ದರು, ಕನ್ನಡ ಬರೆಯುವಾಗ ಕೀಲಿಮಣೆ ಮಾಯವಾಗುತ್ತದೆ ಎಂದು. ಪರೀಕ್ಷೆಗೆ ಬಿಟ್ಟವರಿಗೆ ಬೇಕಾದದ್ದು ಇಂಥ ಮಾತೇ ಅಲ್ಲವೇ? ಎಂದೂ ಕನ್ನಡ ಬರೆಯದ ಜಾಣ ಇಂಜಿನಿಯರನೊಬ್ಬ ಆ ದೋಷವನ್ನು ಹಿಡಿಯುವುದು ಹೇಗೆ? ಅದನ್ನು ಎಲ್ಲಿಗೆ ಬರೆದು ತಿಳಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹೇಳಿಕೊಂಡದ್ದು ನಮ್ಮ ಮುಂದೆ, ನಾವು ನಗುತ್ತ ಕೂತಿದ್ದೆವು.

ತರಗತಿಯಲ್ಲಿ ಒಬ್ಬ ಹುಡುಗಿಯ ತಪ್ಪು ಉತ್ತರಕ್ಕೆ ಉಳಿದವರು ನಕ್ಕರೆ ಏನಾಗುತ್ತದೆಂದು ನನಗೆ ಗೊತ್ತು. ಅವಳೂ ಅವರ ಜೊತೆ ನಕ್ಕುಬಿಡುತ್ತಾಳೆ. ಮರುದಿನದಿಂದ ಕೈ ಎತ್ತುವುದಿಲ್ಲ. ನಗೆ ಎಷ್ಟು ಚುಚ್ಚಿತೆಂದು ಆ ಹೊತ್ತಿನ ಮುಖ ನೋಡಿ ತಿಳಿಯುವುದಿಲ್ಲ, ಮುಂದಿನ ಪ್ರಶ್ನೆ ಬಂತೋ ಇಲ್ಲವೋ ಎಂದು ಕಾದು ನೋಡಬೇಕು. ಹೊಲಿಗೆ ಟೀಚರು ಆಮೇಲೆ ನನ್ನನ್ನು ಏನನ್ನೂ ಕೇಳಿರಲಿಲ್ಲ. ಫೋನಿನಲ್ಲಿ ಏನೋ ಕೆಟ್ಟಿತೆಂದು ಅಂಗಡಿಯವನಿಗೆ ಮುನ್ನೂರು ರೂಪಾಯಿ ಕೊಟ್ಟು ಸರಿಮಾಡಿಸಿಕೊಂಡರಂತೆ. ಅದು ನನಗೇ ಗೊತ್ತಿದ್ದ ಎರಡು ನಿಮಿಷದ ಕೆಲಸ.

ಒಂದು ಭಾನುವಾರ ಅವರ ಮನೆಗೆ ಹೋದೆ. ರವಿಕೆಯ ಕಣ ಒಂದು ನೆಪ. ಮೊದಲಿಗೆ ಬೀಟಾದ ವಿಷಯ ಎತ್ತಿ, ನೀವು ಕೇಳಿದ ದಿನವೇ ನಾನು ಸರಿಯಾಗಿ ಹೇಳಬೇಕಿತ್ತು ಎಂದೆ. “ಅಯ್ಯೋ ಬಿಡಿ ಟೀಚರ್” ಎಂದರು. ಕಚ್ಚಾ ಹೊಲಿಗೆಯ ಹೋಲಿಕೆ ಹೇಳಿದಾಗ ಮಾತ್ರ ಕೈಯಲ್ಲಿದ್ದ ದಾರದುಂಡೆ ಕೆಳಗಿಟ್ಟು, “ಅಷ್ಟೇನಾ?” ಎಂದರು. ಆಮೇಲೆ ಫೋನು ತಂದು, ಫೋಟೋಗಳನ್ನು ಇನ್ನೊಂದು ಕಡೆಯೂ ಇಡುವುದು ಹೇಗೆ ಎಂದು ಕೇಳಿದರು. ತೋರಿಸಿಕೊಟ್ಟೆ. ಎರಡು ಸಲ ಅವರ ಕೈಯಿಂದಲೇ ಮಾಡಿಸಿದೆ.

ಅಳತೆ ತೆಗೆಯಲು ನನ್ನನ್ನು ನಿಲ್ಲಿಸಿದರು. ಈಗ ಅವರು ನೂರು ಹಾಳೆಯ ಪುಸ್ತಕದಲ್ಲಿ ಬರೆದು, ಆಮೇಲೆ ಫೋಟೋ ತೆಗೆಯುತ್ತಾರೆ. ಟೇಪು ಸೊಂಟಕ್ಕೆ ಬಂದಾಗ ನಾನೇ ಬಗ್ಗಿ ನೋಡಿದೆ. ಹಳೆಯ ಅಳತೆ ನನಗೂ ನೆನಪಿತ್ತು, ಅವರಿಗೂ ನೆನಪಿದ್ದಿರಬೇಕು. ಎರಡಂಗುಲ ಹೆಚ್ಚಿತ್ತು. ಅವರು ಮತ್ತೊಂದು ಸಲ ಅಳೆದರು, ಬರೆದುಕೊಂಡರು. ನಗಲಿಲ್ಲ.