ಆಟದ ಪೀರಿಯಡ್ ಯಾರ ಸೊತ್ತು?

ಕೆಲವು ವರ್ಷಗಳ ಹಿಂದೆ, ಮಗ ಏಳನೆಯ ತರಗತಿಯಲ್ಲಿದ್ದಾಗ, ಅವನ ಶಾಲೆಯ ಪಿ.ಟಿ.ಎ. ಸಭೆಯಲ್ಲಿ ನಾನೊಂದು ಸಲಹೆ ಕೊಟ್ಟೆ. ಯು.ಎಸ್.ಎಸ್. ಪರೀಕ್ಷೆ ಹತ್ತಿರ ಬರುತ್ತಿದೆ, ಹೇಗೂ ಡ್ರಿಲ್ ಮಾಸ್ಟರಿಲ್ಲ, ಆಟದ ಪೀರಿಯಡನ್ನು ಗಣಿತಕ್ಕೆ ಕೊಟ್ಟರೇನು? ಹೆತ್ತವರೆಲ್ಲ ತಲೆಯಾಡಿಸಿದರು. ಮನೆಗೆ ಬಂದು ಹೇಳಿದಾಗ ಮಗ ಕೇಳಿದ: "ಅಪ್ಪಾ, ಅದು ನಮ್ಮ ಪೀರಿಯಡಲ್ವಾ? ನೀವು ಹೇಗೆ ಕೊಟ್ಟದ್ದು?"

ನಾನು ಬ್ಯಾಂಕಿನ ಗುಮಾಸ್ತ. ಚಿಕ್ಕ ಮಕ್ಕಳ ಖಾತೆಯಿಂದ ತಂದೆ ಹಣ ತೆಗೆಯಬಹುದು. ಆದರೆ ಅದು ಮಗುವಿನ ಹಿತಕ್ಕಾಗಿ ಇರಬೇಕು. ಅಲ್ಲಿ ತಂದೆ ಕಾವಲುಗಾರನೇ ಹೊರತು ಯಜಮಾನನಲ್ಲ. ದಿನಾ ಇದನ್ನು ಇತರರಿಗೆ ಹೇಳುವ ನಾನು ಮಕ್ಕಳ ಸಮಯದ ವಿಷಯದಲ್ಲಿ ಯಜಮಾನನಾಗಿಬಿಟ್ಟಿದ್ದೆ.

ಆಟ ಮಕ್ಕಳ ಹಕ್ಕೆಂದು ಹೇಳಿದ್ದು ಮಕ್ಕಳು ಮಾತ್ರವಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ ಮತ್ತು ಆಟವನ್ನು ಹಕ್ಕುಗಳೆಂದೇ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಬಯಲು, ಆಟದ ಸಾಮಾನು ಬೇಕೆನ್ನುತ್ತದೆ. ಆದರೆ ಅದೇ ಕಾಯ್ದೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರನ್ನು ಕೇಳುವುದು ಆರರಿಂದ ಎಂಟರವರೆಗಿನ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಮಕ್ಕಳು ಕಡಿಮೆಯಾಗುತ್ತಿರುವ ಗಡಿನಾಡಿನ ಕನ್ನಡ ಶಾಲೆಗೆ ಈ ಲೆಕ್ಕ ಯಾವಾಗ ಕೂಡಿಬರಬೇಕು? ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಲ್ಲಿ ಹಾಜರಿ ಪುಸ್ತಕದ ಲೆಕ್ಕವಿಲ್ಲ.

ಶಿಕ್ಷಕರಿದ್ದರೆ ಎಲ್ಲ ಸರಿಹೋಗುತ್ತದೆಯೇ? 1956ರ ವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡದೊಡನೆ ಮದ್ರಾಸಿಗೆ ಸೇರಿತ್ತು. ಆ ಕಾಲದ ಡ್ರಿಲ್ ಎಂದರೆ ಸಾಲಾಗಿ ನಿಲ್ಲುವುದು, ಆಜ್ಞೆಗೆ ಕೈಯೆತ್ತುವುದು. ಈಗ ಉಪಜಿಲ್ಲಾ ಕ್ರೀಡಾಕೂಟದ ಪದಕವೇ ದೈಹಿಕ ಶಿಕ್ಷಣವಾಗಿದೆ. ಓಡಬಲ್ಲ ಹತ್ತು ಮಕ್ಕಳಿಗೆ ತರಬೇತಿ, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ. ದಪ್ಪಗಿನ ಹುಡುಗ, ಕಾಲು ಊನವಾದ ಹುಡುಗಿ ಬ್ಯಾಗು ಕಾಯುತ್ತಾ ಕೂತಿರುತ್ತಾರೆ. ರ‍್ಯಾಂಕ್ ಬರುವವನಿಗೆ ಮಾತ್ರ ಮಗ್ಗಿ ಕಲಿಸುತ್ತೇನೆಂದು ಯಾವ ಮಾಸ್ಟರಾದರೂ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ?

ನಮ್ಮ ಹೆದರಿಕೆಯೂ ಸುಳ್ಳಲ್ಲ. ಫಲಿತಾಂಶ ಕೆಟ್ಟರೆ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ, ಡಿವಿಜನ್ ಹೋಗುತ್ತದೆ, ಕನ್ನಡ ಅಧ್ಯಾಪಕರ ಹುದ್ದೆ ಹೋಗುತ್ತದೆ. ಸ್ಕಾಲರ್‌ಶಿಪ್ ಬಂದರೆ ಶಾಲೆಯ ಹೆಸರು ಉಳಿಯುತ್ತದೆಂದೇ ನಾನು ಆ ಸಲಹೆ ಕೊಟ್ಟದ್ದು. ಆದರೆ ಶಾಲೆ ಉಳಿಸುವ, ಭಾಷೆ ಉಳಿಸುವ ಹೊಣೆ ದೊಡ್ಡವರಾದ ನಮ್ಮದು. ಅದರ ಕಂತನ್ನು ಮಕ್ಕಳ ಆಟದಿಂದ ಕಟ್ಟುವುದು ಯಾವ ನ್ಯಾಯ? ನಾವು ಗದ್ದೆ ಕೊಯ್ಲಾದ ಮೇಲೆ ಕೊತ್ತಳಿಗೆಯ ಬ್ಯಾಟು ಹಿಡಿದು ಕತ್ತಲಾಗುವವರೆಗೆ ಆಡಿದವರು. ಆ ಗದ್ದೆಗಳಲ್ಲಿ ಈಗ ಅಡಿಕೆ ತೋಟ, ಮನೆ. ಇಂದಿನ ಎಷ್ಟೋ ಮಕ್ಕಳಿಗೆ ಶಾಲೆಯ ಅಂಗಳವೊಂದೇ ಬಯಲು. ಕನ್ನಡ, ಮಲಯಾಳ ಎರಡೂ ವಿಭಾಗದ ಮಕ್ಕಳು ಬೆರೆಯುವುದೂ ಅಲ್ಲಿಯೇ. ತರಗತಿಯಲ್ಲಿ ಅವರ ನಡುವೆ ಗೋಡೆಯಿದೆ.

ಮುಂದಿನ ವರ್ಷದ ಸಭೆಗೆ ನಾನಾಗಿಯೇ ಹೋಗಿ, ನನ್ನ ಸಲಹೆ ತಪ್ಪಾಗಿತ್ತು, ಪೀರಿಯಡನ್ನು ಹಿಂದಕ್ಕೆ ಕೊಡಿ ಎಂದೆ. ಕೆಲವರು ನಕ್ಕರು. ಮಲಯಾಳ ವಿಭಾಗದ ಟೀಚರೊಬ್ಬರು ಎರಡೂ ವಿಭಾಗದವರನ್ನು ಒಟ್ಟಿಗೆ ಆಡಿಸಲು ಒಪ್ಪಿದರು. ನಾವು ನಾಲ್ಕು ಮಂದಿ ಹೆತ್ತವರು ಒಂದು ಭಾನುವಾರ ಅಂಗಳದ ಮುರಕಲ್ಲು ಹೆರೆದು ಸಮ ಮಾಡಿದೆವು. ಲಗೋರಿ ಶುರುವಾಯಿತು. ಬ್ಯಾಗು ಕಾಯುವವರು ಇರಬಾರದು, ಎಲ್ಲರಿಗೂ ಸರದಿ ಬರಬೇಕು ಎಂಬುದೊಂದೇ ನಿಯಮ. ಡ್ರಿಲ್ ಮಾಸ್ಟರ್ ಇನ್ನೂ ಬಂದಿಲ್ಲ. ಅರ್ಜಿ ಕೊಡುತ್ತಲೇ ಇದ್ದೇವೆ.

ನನ್ನ ಮಗನಿಗೆ ಆ ಪೀರಿಯಡ್ ಸಿಗಲಿಲ್ಲ. ಅಷ್ಟರಲ್ಲಿ ಅವನು ಹೈಸ್ಕೂಲಿಗೆ ಹೋಗಿಯಾಗಿತ್ತು.